ಕ್ಯಾಮೆರಾ ಮುಂದೆ ಆತೆ, ಹಿಂದೆ ನಾನು

ಕ್ಯಾಮೆರಾ ಹಿಂದೆ ನಿಂತವರಿಗೆ ಒಂದು ಕಷ್ಟ ಇದೆ. ನಗುವಂತಿಲ್ಲ. ನಕ್ಕರೆ ಕ್ಯಾಮೆರಾ ಅಲ್ಲಾಡುತ್ತದೆ, ಟಿವಿ ನೋಡುವವರಿಗೆ ಭೂಕಂಪ ಆದ ಹಾಗೆ ಕಾಣುತ್ತದೆ. ಟೆಕ್ಸಸ್‌ನಲ್ಲಿ ಒಬ್ಬ ಫಿಲಿಪಿನೋ ಗಾಯಕಿಯ ಟಿವಿ ಕಾರ್ಯಕ್ರಮಕ್ಕೆ ನಾನು ಕ್ಯಾಮೆರಾ ಹಿಡಿದ ದಿನಗಳಲ್ಲಿ ಭೂಕಂಪ ಆಗದ ವಾರ ಬಹಳ ಕಡಿಮೆ. ಇವನ್ನು ನಾವು ಯಾರೂ ಬೇಕೆಂದು ಮಾಡಿದ್ದಲ್ಲ. ನಾವು ಗಂಭೀರವಾಗಿ ಒಂದು ಕೆಲಸ ಶುರು ಮಾಡುತ್ತಿದ್ದೆವು, ಅದು ತನ್ನ ಪಾಡಿಗೆ ಇನ್ನೊಂದಾಗುತ್ತಿತ್ತು. ನೆನಪಿದ್ದಷ್ಟು ಹೇಳುತ್ತೇನೆ.

ಹಲ್ಲು

ತೊಂಬತ್ತರ ದಶಕದ ಕೊನೆ. ನಾನು ಮೈಸೂರಿನಿಂದ ಆಸ್ಟಿನ್‌ಗೆ ಬಂದು ಆರು ತಿಂಗಳಾಗಿತ್ತು. ನನ್ನದು ಡಿಪೆಂಡೆಂಟ್ ವೀಸಾ, ಅಂದರೆ ಸಂಬಳದ ಕೆಲಸ ಮಾಡುವಂತಿಲ್ಲ. ಒಂದು ದಿನ ನನ್ನ ಗಂಡನ ಹಲ್ಲು ಕೀಳಿಸಲು ದಂತವೈದ್ಯರ ಹತ್ತಿರ ಹೋಗಿದ್ದೆವು. ರಿಸೆಪ್ಷನ್‌ನಲ್ಲಿ ನಲವತ್ತರ ಆಸುಪಾಸಿನ ಒಬ್ಬರು ಫಿಲಿಪಿನೋ ಹೆಂಗಸು ಕೂತಿದ್ದರು. ಫೈಲ್ ಜೋಡಿಸುತ್ತಾ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಎಂಥ ಕಂಠ ಅಂದರೆ, ಹಲ್ಲು ನೋವಿಗೆ ಕೆನ್ನೆ ಹಿಡಿದುಕೊಂಡಿದ್ದ ನನ್ನ ಗಂಡ ಕೈ ತೆಗೆದು ಕೇಳುತ್ತಾ ಕೂತ.

ಒಳಗೆ ಕುರ್ಚಿಯ ಮೇಲೆ ಫಿಲಿಪಿನೋ ಅಜ್ಜಿಯೊಬ್ಬರು ಇದ್ದರು. ಬಾಯಿಗೆ ಆಗಲೇ ಮರಗಟ್ಟುವ ಇಂಜೆಕ್ಷನ್ ಆಗಿತ್ತು. ಹೊರಗಿನ ಹಾಡು ಕಿವಿಗೆ ಬಿದ್ದದ್ದೇ ಅಜ್ಜಿ ಬಾಗಿಲ ಕಡೆ ಕೈ ತೋರಿಸಿ "ಆ... ಆ..." ಅನ್ನತೊಡಗಿದರು. ಡಾಕ್ಟರು ನೋವು ಅಂದುಕೊಂಡು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಅಜ್ಜಿ ಇನ್ನೂ ಜೋರಾಗಿ "ಆ..." ಅಂದರು. ಮೂರನೆಯದು ಬಿತ್ತು. ನಾಲ್ಕನೆಯದಕ್ಕೆ ಸೂಜಿ ಎತ್ತುವಷ್ಟರಲ್ಲಿ ಅಜ್ಜಿ ಡಾಕ್ಟರ ಜೇಬಿನಿಂದ ಪೆನ್ನು ಕಿತ್ತುಕೊಂಡು, ಎದೆಯ ಮೇಲೆ ಕಟ್ಟಿದ್ದ ಕಾಗದದ ಬಟ್ಟೆಯ ಮೇಲೆ ಬರೆದರು: 'ಹೊರಗೆ ಹಾಡುತ್ತಿರುವವಳು ಮನೀಲಾ ಟಿವಿಯಲ್ಲಿ ಬರುತ್ತಿದ್ದವಳು. ಹಸ್ತಾಕ್ಷರ ಬೇಕು.'

ಆ ಕಾಗದದ ಮೇಲೆಯೇ ಹಸ್ತಾಕ್ಷರ ಆಯಿತು. ಅಜ್ಜಿ ಸೊಟ್ಟ ಬಾಯಲ್ಲೇ ನಗುತ್ತಾ ಹೋದರು. ರಿಸೆಪ್ಷನ್ ಹೆಂಗಸು ಸಂಕೋಚದಿಂದ ನನಗೆ ಹೇಳಿದರು: ಮನೀಲಾದಲ್ಲಿ ಒಂದು ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಎಂಟು ವರ್ಷ ಹಾಡಿದ್ದರಂತೆ, ನಿರೂಪಣೆಯನ್ನೂ ಮಾಡಿದ್ದರಂತೆ. ಅದು ನಿಂತಿತು, ಅಕ್ಕನ ಊರು ಅಂತ ಇಲ್ಲಿಗೆ ಬಂದರು. ಈಗ ಆಸ್ಟಿನ್‌ನ ಸಾರ್ವಜನಿಕ ಕೇಬಲ್ ಚಾನೆಲ್‌ನಲ್ಲಿ ವಾರಕ್ಕೆ ಅರ್ಧ ಗಂಟೆ ಸಿಕ್ಕಿದೆ. ಆ ಚಾನೆಲ್‌ನಲ್ಲಿ ಊರಿನವರು ಯಾರು ಬೇಕಾದರೂ ಸಂಬಳವಿಲ್ಲದೆ ಕಾರ್ಯಕ್ರಮ ಮಾಡಬಹುದು. ಆದರೆ ಕ್ಯಾಮೆರಾ ಹಿಡಿಯಲು ಜನ ಇಲ್ಲ.

"ನಿನಗೆ ಕ್ಯಾಮೆರಾ ಬರುತ್ತಾ?" ಅಂತ ಕೇಳಿದರು.

"ನಮ್ಮ ಮದುವೇಲಿ ವಿಡಿಯೋದವರನ್ನ ನೋಡಿದೀನಿ," ಅಂದೆ.

"ಸಾಕು," ಅಂದರು.

ಅಷ್ಟರಲ್ಲಿ ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು ಅವರಿಗೆ ಹೇಳಿದರು: "ಇನ್ನು ಮೇಲೆ ಹಾಡುವ ಮುಂಚೆ ಒಳಗೆ ಯಾವ ದೇಶದವರಿದ್ದಾರೆ ಅಂತ ನೋಡಿಕೊಳ್ಳಿ."

ಕೆಂಪು ದೀಪ

ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು 'ಆತೆ' ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಹಾಗಂದರೆ ಅಕ್ಕ. ನಾನೂ ಆತೆ ಅಂದೆ.

ಚಾನೆಲ್‌ನ ವ್ಯವಸ್ಥಾಪಕಿ ಮೊದಲೇ ಹೇಳಿದ್ದರು: ಮೂರು ತಿಂಗಳು ಪರೀಕ್ಷೆ, ಜನ ನೋಡದಿದ್ದರೆ ನಮ್ಮ ಅರ್ಧ ಗಂಟೆ ಪಕ್ಕದ ಕಾರ್ಯಕ್ರಮಕ್ಕೆ ಹೋಗುತ್ತದೆ. ಪಕ್ಕದ ಕಾರ್ಯಕ್ರಮ ಗಡ್ಡದ ಮನುಷ್ಯನೊಬ್ಬನದು. ಅವನು ತನ್ನ ಸಾಕಿದ ಇಗ್ವಾನಾವನ್ನು, ಅಂದರೆ ನಮ್ಮ ಉಡದಂಥ ಒಂದು ಪ್ರಾಣಿಯನ್ನು, ಎದುರಿನ ಕುರ್ಚಿಯಲ್ಲಿ ಕೂರಿಸಿ ಅರ್ಧ ಗಂಟೆ ಸಂದರ್ಶನ ಮಾಡುತ್ತಿದ್ದ. ಅದು ಉತ್ತರ ಕೊಡುತ್ತಿರಲಿಲ್ಲ. ಆದರೂ ಅವನಿಗೆ ಒಂದು ಗಂಟೆ ಬೇಕಾಗಿತ್ತು.

ಮೊದಲ ರೆಕಾರ್ಡಿಂಗ್ ದಿನ ಆತೆ ಹಸಿರು ಜರಿಯ ಉಡುಪು ಹಾಕಿಕೊಂಡು ಬಂದರು. ಐದು ಹಾಡು ಹಾಡಿದರು, ಮಧ್ಯೆ ಮಧ್ಯೆ ಬಾಯಿಪಾಠ ಮಾಡಿದ್ದ ಮಾತುಗಳನ್ನು ಹೇಳಿದರು. ನಾನು ಕಣ್ಣಲ್ಲಿ ಕಣ್ಣಿಟ್ಟು ಕ್ಯಾಮೆರಾ ನೋಡಿಕೊಂಡೆ. ಕ್ಯಾಮೆರಾದ ಮೇಲೊಂದು ಕೆಂಪು ದೀಪ ಇತ್ತು. ಮೈಸೂರಿನ ನಮ್ಮ ಮನೆಯ ಸ್ಟೆಬಿಲೈಜರ್‌ನಲ್ಲಿ ಕೆಂಪು ದೀಪ ಹತ್ತಿದರೆ ಅಪಾಯ, ತಕ್ಷಣ ಆಫ್ ಮಾಡಬೇಕು. ಹಾಗಾಗಿ ಆತೆ ಮಾತೋ ಹಾಡೋ ಶುರು ಮಾಡುವ ಮುಂಚೆ ಪ್ರತಿ ಸಲವೂ ಗುಂಡಿ ಒತ್ತಿ ದೀಪ ಆರಿಸುತ್ತಿದ್ದೆ. ಅದು ಮುಗಿದ ಮೇಲೆ ಒತ್ತಿದಾಗ ಮತ್ತೆ ಹತ್ತಿಕೊಳ್ಳುತ್ತಿತ್ತು. 'ಈಗ ಬಂದ್ ಆಯ್ತು' ಅಂದುಕೊಳ್ಳುತ್ತಿದ್ದೆ.

ಮಾರನೆಯ ದಿನ ಆ ಟೇಪ್ ಹಾಗೇ ಪ್ರಸಾರ ಆಯಿತು. ಒಂದು ಹಾಡೂ ಇರಲಿಲ್ಲ, ಬಾಯಿಪಾಠದ ಒಂದು ಮಾತೂ ಇರಲಿಲ್ಲ. ಇದ್ದದ್ದು ಇಷ್ಟು: ಆತೆ ಕಡಲೆಬೀಜ ತಿನ್ನುವುದು, ಜರಿ ಚುಚ್ಚುತ್ತದೆ ಅಂತ ಬೆನ್ನು ಕೆರೆದುಕೊಳ್ಳುವುದು, ಕಿರ್ರೆನ್ನುವ ಕುರ್ಚಿಯನ್ನು ಬೈಯುವುದು, ಮನೀಲಾದಲ್ಲಿ ಒಮ್ಮೆ ನೇರಪ್ರಸಾರದಲ್ಲಿ ಹಾಡುತ್ತಿದ್ದಾಗ ಚಪ್ಪಲಿ ಕಿತ್ತುಹೋಗಿ ಒಂದೇ ಕಾಲಲ್ಲಿ ನಿಂತು ಹಾಡು ಮುಗಿಸಿದ ಕಥೆಯನ್ನು ಅಭಿನಯಿಸಿ ತೋರಿಸುವುದು.

ನಾನು ಅಳುತ್ತಾ ಫೋನ್ ಮಾಡಿದೆ. ಆತೆ ಮೆಲ್ಲಗೆ, "ಎಂಟು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಇನ್ನು ಬಾಯಿಪಾಠ ಬೇಡ," ಅಂದರು.

ಆ ವಾರ ಚಾನೆಲ್‌ಗೆ ಒಂಬತ್ತು ಫೋನ್ ಬಂದಿದ್ದವು. ಇಗ್ವಾನಾಕ್ಕೂ ಅಷ್ಟು ಬಂದಿರಲಿಲ್ಲ. ಒಂಬತ್ತು ಜನರೂ ಕೇಳಿದ್ದು ಒಂದೇ: "ತುಂಬ ಚೆನ್ನಾಗಿದೆ. ಆ ಹೆಂಗಸಿಗೆ ಹಾಡಲು ಬರುತ್ತಾ?"

ಆತೆ, ಅತ್ತೆ

ದಸರಾ ಮುಗಿಸಿಕೊಂಡು ನಮ್ಮತ್ತೆ ಮೈಸೂರಿನಿಂದ ಆರು ತಿಂಗಳಿಗೆ ಬಂದರು. ಅವರು ನಿವೃತ್ತ ಕನ್ನಡ ಟೀಚರ್. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತಿತ್ತು, ಕೇಳಿದರೆ ಅರ್ಧ ಮಾತ್ರ. ನಾನು ಟಿವಿ ಕೆಲಸಕ್ಕೆ ಹೋಗುವುದು ಅವರಿಗೆ ಗೊತ್ತಿತ್ತು. ಆತೆಯ ವಿಷಯ ಹೇಳಿರಲಿಲ್ಲ.

ಬಂದ ಎರಡನೇ ವಾರ ಅಡುಗೆಮನೆಯಲ್ಲಿ ನಿಂತು ನಮ್ಮ ಸೌಂಡ್ ನೋಡಿಕೊಳ್ಳುವವನ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ. ಅತ್ತೆ ಪಕ್ಕದಲ್ಲೇ ಹುರುಳಿಕಾಯಿ ಬಿಡಿಸುತ್ತಿದ್ದರು. ನಾನು ಹೇಳಿದ್ದು ಇಷ್ಟೇ: "ಆತೆ ಟಾಕ್ಸ್ ಟೂ ಮಚ್. ಆಫ್ಟರ್ ಟೂ ಮಿನಿಟ್ಸ್, ಕಟ್ ಆತೆ. ಆ್ಯಂಡ್ ಆತೆ ಲುಕ್ಸ್ ಬೆಟರ್ ಫ್ರಮ್ ಫಾರ್."

ಮಧ್ಯಾಹ್ನದಿಂದ ಅತ್ತೆ ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ಕಾಫಿ ಬೇಕಾ ಅಂದರೆ ಹೂಂ, ಬೇಡವಾ ಅಂದರೆ ಊಹೂಂ. ನಾನು ಒಂದು ಕೋಣೆಗೆ ಬಂದರೆ ಅವರು ಎದ್ದು ಇನ್ನೊಂದು ಕೋಣೆಗೆ. ಮೂರನೇ ದಿನ ನನ್ನ ಗಂಡ ಕಂಗಾಲಾಗಿ ಕೇಳಿದ: "ಅಮ್ಮ, ಏನಾಯ್ತು? ಯಾಕೆ ಮಾತಾಡ್ತಿಲ್ಲ?"

"ಎರಡು ನಿಮಿಷಕ್ಕೆ ಕಟ್ ಮಾಡ್ತಾರಂತಲ್ಲಪ್ಪ," ಅಂದರು ಅತ್ತೆ. "ಇರೋ ಎರಡು ನಿಮಿಷಾನ ಯಾಕೆ ಖರ್ಚು ಮಾಡ್ಲಿ?"

"ದೂರ ಯಾಕೆ ಹೋಗಿ ಕೂರ್ತೀರಿ ಅತ್ತೆ?" ಅಂತ ನಾನು ಕೇಳಿದೆ.

"ದೂರದಿಂದಾನೇ ಚೆನ್ನಾಗಿ ಕಾಣ್ತೀನಂತೆ."

ನನಗೆ ಆಗ ಹೊಳೆಯಿತು. ಮಾತಲ್ಲಿ ವಿವರಿಸಿ ಪ್ರಯೋಜನವಿಲ್ಲ ಅನ್ನಿಸಿ ಆ ಶನಿವಾರ ಆತೆಯನ್ನೇ ಮನೆಗೆ ಕರೆದುಕೊಂಡು ಬಂದು ನಿಲ್ಲಿಸಿದೆ. "ಅತ್ತೆ, ಇವರೇ ಆತೆ. ಆತೆ, ಇವರು ಅತ್ತೆ."

ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು. ನಮ್ಮತ್ತೆ ಕನ್ನಡದಲ್ಲೇ ಅವರ ಕೈ ಹಿಡಿದು ಹೇಳಿದರು: "ಬಾಮ್ಮ. ಇವಳು ನಿನ್ನನ್ನೂ ಕಟ್ ಮಾಡ್ತಾಳಾ?"

ಇಡ್ಲಿಗೆ ಆ ಹೆಸರು

ಆಮೇಲೆ ಅವರಿಬ್ಬರ ಮಧ್ಯೆ ನಾನು ಬೇಕಾಗಲೇ ಇಲ್ಲ. ಭಾಷೆ ಬಾರದಿದ್ದರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಆತೆಯ ಭಾಷೆಯಲ್ಲೂ ಮುಖಕ್ಕೆ 'ಮುಖಾ' ಅಂತಾರೆ, ಆಸೆಗೆ 'ಆಸಾ' ಅಂತಾರೆ ಅಂತ ಗೊತ್ತಾದ ದಿನ ಅತ್ತೆಗೆ ಕಳೆದುಹೋದ ತಂಗಿ ಸಿಕ್ಕಿದಷ್ಟು ಸಂತೋಷ.

"ನಿನಗೇನು ಆಸೆ?" ಅಂತ ಅತ್ತೆ ಕೇಳಿದರು.

ಆತೆ ಕೈಯಲ್ಲಿ ದೊಡ್ಡ ಟಿವಿಯ ಆಕಾರ ಮಾಡಿ, ಅದರೊಳಗೆ ಒಂದು ಕುರ್ಚಿ ತೋರಿಸಿ, ಕೂತು, ಕಿವಿಗೊಟ್ಟು ಕೇಳಿ, ಇಲ್ಲ ಅಂತ ತಲೆಯಾಡಿಸಿದರು. ಕಿರ್ರೆನ್ನದ ಕುರ್ಚಿ ಇರುವ ಚಾನೆಲ್ ಬೇಕಂತೆ.

ಮೂರು ತಿಂಗಳ ಪರೀಕ್ಷೆಯ ಕೊನೆಯ ವಾರ ಬಂತು. ಈ ಸಲ ನೇರಪ್ರಸಾರ, ಅತಿಥಿ ನಮ್ಮತ್ತೆ, ವಿಷಯ ಇಡ್ಲಿ. ಚಳಿಗೆ ಹಿಟ್ಟು ಉಬ್ಬುವುದಿಲ್ಲ ಅಂತ ಅತ್ತೆ ಪಾತ್ರೆಗೆ ನನ್ನ ಗಂಡನ ಸ್ವೆಟರ್ ಹಾಕಿ ಸ್ಟುಡಿಯೋಗೆ ತಂದಿದ್ದರು. ಮುಚ್ಚಳ ತೆಗೆದಾಗ ಇಡ್ಲಿ ಹೂವಿನ ಹಾಗೆ ಅರಳಿತ್ತು. ಆತೆ ಒಂದನ್ನು ಬಾಯಿಗಿಟ್ಟುಕೊಂಡವರು ಕಣ್ಣು ಮುಚ್ಚಿದರು. ಕಣ್ಣಲ್ಲಿ ನೀರು. "ಇದು ನಮ್ಮ ಪುತೋ," ಅಂದರು. "ನಮ್ಮಮ್ಮ ಮಾಡುತ್ತಿದ್ದ ಪುತೋ." ಅತ್ತೆಯನ್ನು ತಬ್ಬಿಕೊಂಡು ಕ್ಯಾಮೆರಾ ನೋಡಿ ಕೈ ಬೀಸಿದರು: "ಎಲ್ಲರೂ ಬನ್ನಿ, ಪುತೋ ತಿನ್ನಿ."

ಫಿಲಿಪೀನ್ಸ್‌ನಲ್ಲಿ ಪುತೋ ಅಂದರೆ ಅಕ್ಕಿಯ ಹಬೆ ಕಡುಬು. ಸ್ಪ್ಯಾನಿಷ್‌ನಲ್ಲಿ ಅದು ಮನೆಯಲ್ಲಿ ಆಡಬಾರದ ಬೈಗುಳ. ಟೆಕ್ಸಸ್‌ನಲ್ಲಿ ಸ್ಪ್ಯಾನಿಷ್ ಬಲ್ಲವರಿಗೆ ಬರವಿಲ್ಲ. ಸೌಂಡ್ ನೋಡುತ್ತಿದ್ದ ನಮ್ಮ ಮೆಕ್ಸಿಕನ್ ಗೆಳೆಯ ಹೆಡ್‌ಫೋನ್ ಕಿತ್ತು ಮೇಜಿನ ಕೆಳಗೆ ಕೂತುಬಿಟ್ಟ. ಆತೆ ಹತ್ತು ನಿಮಿಷದಲ್ಲಿ ಆ ಪದವನ್ನು ಹದಿನೆಂಟು ಸಲ ಅಂದರು. ಭೂಕಂಪ ನಿಲ್ಲಲೇ ಇಲ್ಲ.

ಫೋನ್‌ಗಳು ಹೊಡೆದುಕೊಳ್ಳತೊಡಗಿದವು. ವ್ಯವಸ್ಥಾಪಕಿ ಓಡಿ ಬಂದರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಫೋನ್ ಮಾಡಿದವರೆಲ್ಲ ನಗುತ್ತಿದ್ದರು. ಒಬ್ಬ ಮೆಕ್ಸಿಕನ್ ಅಜ್ಜಿ ಹಿಟ್ಟಿನ ಅಳತೆ ಕೇಳಿದರಂತೆ. ಕಾರ್ಯಕ್ರಮ ಒಂದು ವರ್ಷಕ್ಕೆ ಮುಂದುವರಿಯಿತು.

ಕಾರಿನಲ್ಲಿ ಬರುವಾಗ ಅತ್ತೆಗೆ ವಿಷಯ ಬಿಡಿಸಿ ಹೇಳಿದೆ. "ಇಡ್ಲಿ ಕಲ್ಲಾದ ದಿನ ನಿಮ್ಮ ಮಾವನೂ ಬೈತಿದ್ರು," ಅಂದರು. "ಆದ್ರೆ ಅದನ್ನೇ ಹೆಸರು ಅಂತ ಇಟ್ಟಿರಲಿಲ್ಲ."

ಗೋಡೆಯಾಚೆಯ ಢೋಲು

ಸಂಕ್ರಾಂತಿ ಕಳೆದ ಮೇಲೆ ಹ್ಯೂಸ್ಟನ್‌ನಿಂದ ಕರೆ ಬಂತು. ಅಲ್ಲಿನ ಫಿಲಿಪಿನೋ ಹಿರಿಯರ ಮಧ್ಯಾಹ್ನದ ಸಮಾರಂಭದಲ್ಲಿ ಆತೆ ಹಾಡಬೇಕು. ಅಮೆರಿಕಕ್ಕೆ ಬಂದ ಮೇಲೆ ಅವರಿಗೆ ಇದೇ ಮೊದಲ ದೊಡ್ಡ ವೇದಿಕೆ. ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಆತೆ ಬಿಸಿನೀರು ಕುಡಿಯುತ್ತಲೇ ಇದ್ದರು.

ಹೋಟೆಲಿನ ದೊಡ್ಡ ಹಾಲ್. ಮಧ್ಯೆ ಮಡಚುವ ಗೋಡೆ ಎಳೆದು ಎರಡು ಭಾಗ ಮಾಡಿದ್ದರು. ನಮ್ಮ ಭಾಗದಲ್ಲಿ ಅಜ್ಜ ಅಜ್ಜಿಯರು ಬಿಳಿ ಅಂಗಿ, ರೇಷ್ಮೆ ಗೌನು ಹಾಕಿಕೊಂಡು ಕೂತಿದ್ದರು. ಆತೆ ಆರಿಸಿಕೊಂಡದ್ದು ಒಂದು ವಿರಹದ ಹಾಡು. ಮೊದಲ ಸಾಲಿಗೇ ಕರವಸ್ತ್ರಗಳು ಹೊರಬಂದವು. ಎರಡನೇ ಸಾಲಿಗೆ ಗೋಡೆಯಾಚೆಯಿಂದ ಢೋಲು ಶುರುವಾಯಿತು. ಅಲ್ಲಿ ಪಂಜಾಬಿ ಮದುವೆ ಇತ್ತು.

ಆತೆ ನಿಲ್ಲಿಸಿದರು. ಢೋಲು ನಿಲ್ಲಲಿಲ್ಲ. ಮತ್ತೆ ಶುರು ಮಾಡಿದರು. ಢೋಲು ಇನ್ನೂ ಜೋರಾಯಿತು. ಆತೆಯ ಮುಖ ಬಾಡಿದ್ದು ನನಗೆ ಲೆನ್ಸ್‌ನಲ್ಲಿ ಚೆನ್ನಾಗಿ ಕಂಡಿತು. ಈಗ ವೇದಿಕೆ ಇಳಿದುಬಿಡುತ್ತಾರೆ ಅಂದುಕೊಂಡೆ. ಅವರು ಚಪ್ಪಲಿ ಬಿಟ್ಟರು. ಗೋಡೆಯ ಕಡೆ ಕಿವಿಗೊಟ್ಟು ನಾಲ್ಕು ಪೆಟ್ಟು ಎಣಿಸಿದರು. ಅದೇ ವಿರಹದ ಹಾಡನ್ನು ಢೋಲಿನ ತಾಳಕ್ಕೆ ಎತ್ತಿಕೊಂಡರು. ಎಂಬತ್ತು ವರ್ಷದ ಒಬ್ಬ ಅಜ್ಜ ಕರವಸ್ತ್ರ ತಲೆಯ ಮೇಲೆ ಬೀಸುತ್ತಾ ಎದ್ದರು. ಯಾರೋ ಗೋಡೆ ಮಡಚಿದರು. ಹತ್ತು ನಿಮಿಷದಲ್ಲಿ ಯಾರು ಮದುಮಗಳ ಕಡೆಯವರು, ಯಾರು ಹಿರಿಯ ನಾಗರಿಕರು ಅಂತ ಗೊತ್ತಾಗದ ಹಾಗೆ ಎಲ್ಲರೂ ಕುಣಿಯುತ್ತಿದ್ದರು.

ಕೊನೆಗೆ ಮದುಮಗಳ ಸೋದರಮಾವ ಬೆವರುತ್ತಾ ಬಂದು ಆತೆಗೆ ಕೈ ಮುಗಿದರು. "ಬೆಹೆನ್‌ಜಿ, ಇಷ್ಟು ಶುದ್ಧ ಪಂಜಾಬಿ ಕೇಳಿ ಎಷ್ಟು ವರ್ಷ ಆಗಿತ್ತು. ನಿಮ್ಮದು ಯಾವ ಕಡೆ?"

"ಮನೀಲಾ," ಅಂದರು ಆತೆ.

ಆತ ಸ್ವಲ್ಪ ಯೋಚಿಸಿ ಕೇಳಿದರು: "ಅದು ಲೂಧಿಯಾನಾದಿಂದ ಮುಂದಾ?"

ಯುಗಾದಿ ಹಾಡು

ಆ ಸೋದರಮಾವ ಹ್ಯೂಸ್ಟನ್‌ನಲ್ಲಿ ಏಷ್ಯಾದವರಿಗಾಗಿ ಶುರುವಾಗಲಿದ್ದ ಒಂದು ಚಾನೆಲ್‌ನವರು. ಮನೀಲಾ ಎಲ್ಲಿದೆ ಅಂತ ಗೊತ್ತಾದ ಮೇಲೂ ಅವರ ಉತ್ಸಾಹ ಕಡಿಮೆಯಾಗಲಿಲ್ಲ. ವಾರದ ಕಾರ್ಯಕ್ರಮಕ್ಕೆ ನಿರೂಪಕಿ ಬೇಕು, ನಿಜವಾದ ಕೆಲಸ ಅಂದರು. "ನಿಮ್ಮವರಲ್ಲದ ಜನರ ಮುಂದೆ ನಿಂತು ಅವರನ್ನ ಒಲಿಸಿಕೊಂಡ ಒಂದು ಟೇಪ್ ಕಳಿಸಿ. ಅದನ್ನ ನೋಡಿ ತೀರ್ಮಾನ ಮಾಡ್ತೀವಿ."

ನಮಗೆ ಗೊತ್ತಿದ್ದ ಬೇರೆ ಜನ ಅಂದರೆ ಕನ್ನಡದವರು. ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ ಕನ್ನಡಿಗರ ಯುಗಾದಿ ಕಾರ್ಯಕ್ರಮ ಇತ್ತು. ಅಲ್ಲಿನ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು ಧಾರವಾಡದವರು.

"ಫಿಲಿಪಿನೋ ಗಾಯಕಿ ಯುಗಾದಿಗೆ ಯಾಕ್ರಿ?" ಅಂದರು. "ನಮ್ಮ ಹುಡುಗರ ಡ್ಯಾನ್ಸಿಗೇ ಟೈಮ್ ಸಾಲೂದಿಲ್ಲ."

ನಾನು ಬಿಡಲಿಲ್ಲ. ನಾಲ್ಕನೇ ಸಲ ಫೋನ್ ಮಾಡಿದಾಗ ಸೋತು, "ಕನ್ನಡದಾಗ ಹಾಡ್ತಾರೇನು? ಹಂಗಿದ್ರ ಊಟಕ್ಕ ಮೊದಲು ಐದು ನಿಮಿಷ ಕೊಡ್ತೀನ್ರಿ," ಅಂದರು.

ಹಾಡನ್ನು ನಮ್ಮತ್ತೆ ತಾವೇ ಬರೆದರು. ಆತೆಗಾಗಿ ನಾನು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆ. ಪಲ್ಲವಿ ಹೀಗಿತ್ತು: 'ನಮ್ಮೆಲ್ಲರ ಬಾಳು ಬೆಳಗಲಿ, ಭಾರ ಇಳಿದು ಬಾಳು ಹಗುರಾಗಲಿ.' ಆತೆ ಒಂದು ತಿಂಗಳು ಅಭ್ಯಾಸ ಮಾಡಿದರು. ರಾಗ, ತಾಳ ಎಲ್ಲ ಕೂತಿತು. 'ಳ' ಮಾತ್ರ ನಾಲಿಗೆಗೆ ಹತ್ತಲಿಲ್ಲ. ಅತ್ತೆ ಅವರ ಗಲ್ಲ ಹಿಡಿದು "ನಾಲಿಗೆ ಮಡಚು, ಹಿಂದಕ್ಕೆ ಮಡಚು" ಅಂತ ತೋರಿಸಿಕೊಟ್ಟರೂ 'ಲ' ಅಂತಲೇ ಬರುತ್ತಿತ್ತು. "ಹೋಗಲಿ ಬಿಡಿ, ಅಷ್ಟಕ್ಕೆಲ್ಲ ಯಾರು ತಲೆ ಕೆಡಿಸ್ಕೊತಾರೆ," ಅಂದೆ ನಾನು.

ಯುಗಾದಿ ದಿನ ಶಾಲೆಯೊಂದರ ಸಭಾಂಗಣ ತುಂಬಿತ್ತು. ಆತೆ ನಮ್ಮತ್ತೆಯ ಮೈಸೂರು ರೇಷ್ಮೆ ಸೀರೆ ಉಟ್ಟಿದ್ದರು. "ಇದು ತಪ್ಪಿದರೆ ನಾನು ಮತ್ತೆ ಹಲ್ಲಿನ ಫೈಲ್ ಜೋಡಿಸುತ್ತೇನೆ, ಪರವಾಗಿಲ್ಲ," ಅಂದರು. ಪರವಾಗಿಲ್ಲ ಅನ್ನುವ ಹಾಗೆ ಮುಖ ಇರಲಿಲ್ಲ. ನಾನು ಕ್ಯಾಮೆರಾ ನಿಲ್ಲಿಸಿ, ಕೆಂಪು ದೀಪ ಹತ್ತಿದೆಯಾ ಅಂತ ಎರಡು ಸಲ ನೋಡಿಕೊಂಡೆ.

ಆಗ ಅಧ್ಯಕ್ಷರು ಮುಂದಿನ ಸಾಲಿಗೆ ಬಂದರು. ಅವರನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಧಾರಾಳವಾದ ದೇಹ. ಒಂದು ಕುರ್ಚಿಯಲ್ಲಿ ಕೂತರೆ ಪಕ್ಕದ ಕುರ್ಚಿಗೂ ಸ್ವಲ್ಪ ಹಂಚಿಕೆಯಾಗುತ್ತಿತ್ತು. ಜನ ಎಡಬಲದಿಂದ ಮಾತಾಡಿಸುತ್ತಿದ್ದರು. "ನಮಸ್ಕಾರ ಬಾಲು ಅಂಕಲ್." "ಬಾಲು, ಊಟ ಎಷ್ಟೊತ್ತಿಗೆ?" "ಬಾಲು ಅಂಕಲ್, ಮೈಕ್ ಸರಿ ಇಲ್ಲ."

ಫೋನಿನಲ್ಲಿ ಅವರು ಹೇಳಿದ್ದು ಬಾಲಚಂದ್ರ ಅಂತ. ವೇದಿಕೆಯ ಕಡೆ ಓಡಬೇಕು ಅನ್ನುವಷ್ಟರಲ್ಲಿ ಪರದೆ ಸರಿಯಿತು, ಆತೆ ಕೈ ಮುಗಿದರು, ಹಾಡು ಶುರುವಾಯಿತು.

"ನಮ್ಮೆಲ್ಲರ ಬಾಲು ಬೆಲಗಲಿ..."

ಸಭೆ ಒಂದು ಕ್ಷಣ ತಬ್ಬಿಬ್ಬಾಯಿತು. ಎಲ್ಲರ ಕತ್ತೂ ಮುಂದಿನ ಸಾಲಿನ ಕಡೆ ತಿರುಗಿತು. ಅಧ್ಯಕ್ಷರು ನೆಟ್ಟಗೆ ಕೂತರು. ಜನ ಅತ್ತ ನೋಡುವುದನ್ನು ಕಂಡು, ಯಾರೋ ಮುಖ್ಯರಾದವರು ಇರಬೇಕು ಅಂತ ಆತೆಯೂ ಅವರ ಕಡೆಗೇ ತಿರುಗಿದರು. ಎರಡೂ ಕೈ ಅವರತ್ತ ಚಾಚಿ, ಕಣ್ಣಲ್ಲಿ ಕಣ್ಣಿಟ್ಟು, ಭಕ್ತಿ ತುಂಬಿ ಮುಂದಿನ ಸಾಲು ಎತ್ತಿದರು.

"ಭಾರ ಇಲಿದು ಬಾಲು ಹಗುರಾಗಲಿ..."

ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿ. ಆಮೇಲೆ ಹಾಲ್‌ಗೆ ಹಾಲ್. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ಹುಡುಗರು ಕೂಡ ಕುರ್ಚಿಯ ಮೇಲೆ ಹತ್ತಿ "ಬಾಲು ಹಗುರಾಗಲಿ" ಅಂತ ಕನ್ನಡದಲ್ಲಿ ಹಾಡುತ್ತಿದ್ದರು. ಜನ ಸಂತೋಷಪಡುತ್ತಿದ್ದಾರೆ ಅಂದುಕೊಂಡು ಆತೆ ಆ ಸಾಲನ್ನೇ ಆರು ಸಲ ಹಾಡಿದರು, ಒಂದೊಂದು ಸಲಕ್ಕೂ ರಾಗಕ್ಕೆ ಒಂದೊಂದು ಹೊಸ ತಿರುವು ಕೊಟ್ಟು. ನಮ್ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಆ ಟೇಪ್ ನೋಡಿಯೇ ಹ್ಯೂಸ್ಟನ್‌ನವರು ಆತೆಗೆ ಕೆಲಸ ಕೊಟ್ಟರು. ಚಿತ್ರ ಯಾಕೆ ಇಷ್ಟು ಅಲ್ಲಾಡುತ್ತದೆ ಅಂತ ಮಾತ್ರ ಕೇಳಿದರಂತೆ. ಆದರೆ ಆ ಹೊತ್ತಿನಲ್ಲಿ ನನಗೆ ಅದೆಲ್ಲ ಗೊತ್ತಿಲ್ಲ. ಅಧ್ಯಕ್ಷರು ನಗದೆ ಎದ್ದು ನಿಂತದ್ದಷ್ಟೇ ಕಾಣುತ್ತಿತ್ತು. ಅವರು ಒಂದೊಂದೇ ಮೆಟ್ಟಿಲು ಹತ್ತಿ ವೇದಿಕೆಗೆ ಹೋದರು. ಆತೆಯ ಕೈಯಿಂದ ಮೈಕ್ ತೆಗೆದುಕೊಂಡರು. ಕುರ್ಚಿ ಹತ್ತಿದ್ದ ಹುಡುಗರು ಕೆಳಗಿಳಿದರು.

ಅವರು ಉಸಿರು ಸುಧಾರಿಸಿಕೊಂಡು ಆತೆಗೆ ಕೈ ಮುಗಿದರು.

"ನಮ್ಮ ಡಾಕ್ಟರೂ ಇದನ್ನ ಹೇಳ್ಯಾರ್ರಿ," ಅಂದರು. "ಆದ್ರ ಇಷ್ಟು ಚಂದ ಹೇಳಿರಲಿಲ್ಲ."